ಕಸುಬು, ಹೆಣ್ಣು ಮತ್ತು ಕ್ಯಾಮೆರಾ: ‘ಕೊನೆಯವಳು’ ಎಂಬ ಕಲ್ಪನೆಯ ಸುತ್ತ

ಜಾನಪದ ಅಧ್ಯಯನವು ಆರಂಭದಿಂದಲೂ ಅಳಿವಿನ ಆತಂಕದೊಂದಿಗೇ ಬೆಳೆದುಬಂದ ಶಿಸ್ತು. ಇಂದು ಕಂಡದ್ದು ನಾಳೆ ಇರಲಾರದು, ಅಷ್ಟರೊಳಗೆ ಬರೆದಿಟ್ಟುಕೊಳ್ಳಬೇಕು ಎಂಬ ತುರ್ತು ಕನ್ನಡದ ಮೊದಲ ತಲೆಮಾರಿನ ಸಂಗ್ರಹಕಾರರನ್ನೂ ನಡೆಸಿತ್ತು. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾದಾಗ ಬೀಸುಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳು ಓದುವ ಪಠ್ಯವಾಗಿ ಮಾರ್ಪಟ್ಟವು. ಹಾಡು ಉಳಿಯಿತು. ಆದರೆ ಗೂಟ ಹಿಡಿದ ತೋಳಿನ ತಿರುಗು, ಎದುರಿಗೆ ಕುಳಿತು ಕೈಗೂಡಿಸಿದವಳ ಉಸಿರು, ಯಾರ ಮನೆಯ ಕಾಳು ಯಾರ ಕೈಯಿಂದ ಹಿಟ್ಟಾಯಿತು ಎಂಬ ಲೆಕ್ಕ ಪುಸ್ತಕದ ಆಚೆಗೇ ನಿಂತವು. ‘ಗರತಿ’ ಎಂಬ ಒಂದು ಸಾಮಾನ್ಯನಾಮದಲ್ಲಿ ಅನೇಕ ಹೆಂಗಸರ ದನಿಗಳು ಬೆರೆತುಹೋದವು.

ಅಪರೂಪದ ಅಥವಾ ಅಳಿವಿನಂಚಿನ ಕಸುಬುಗಳಲ್ಲಿ ತೊಡಗಿದ ಹೆಣ್ಣುಮಕ್ಕಳನ್ನು ಕುರಿತ ಸಾಕ್ಷ್ಯಚಿತ್ರಗಳು ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದಿವೆ. ಇಲ್ಲಿ ಹೆಸರಿದೆ, ಮುಖವಿದೆ, ಕೈಯ ಚಲನೆಯಿದೆ. ಜಾನಪದ ಸಂಗ್ರಹಗಳು ವ್ಯಕ್ತಿಯನ್ನು ಸಮುದಾಯದಲ್ಲಿ ಕರಗಿಸಿದರೆ, ಈ ಚಿತ್ರಗಳು ಸಮುದಾಯವನ್ನು ವ್ಯಕ್ತಿಯ ಹಿಂದೆ ಮರೆಮಾಡುತ್ತವೆ. ‘ಈ ಕಸುಬಿನ ಕೊನೆಯ ಹೆಣ್ಣುಮಗಳು’ ಎಂಬುದು ಈ ಪ್ರಕಾರದ ಅತ್ಯಂತ ಪ್ರಿಯವಾದ ಸೂತ್ರ. ಆ ಸೂತ್ರವು ಕಸುಬಿನ ಬಗ್ಗೆ ಏನನ್ನು ತಿಳಿಸುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ಕೆಲವು ಚಿತ್ರಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಯ್ಕೆಯಾದ ಚಿತ್ರಗಳು ಹೊರನಾಡಿನವು. ಆದರೆ ಅವು ಎತ್ತುವ ಪ್ರಶ್ನೆ ಸೂಲಗಿತ್ತಿಯರ ನಾಡಾದ ಕರ್ನಾಟಕಕ್ಕೂ ನೇರವಾಗಿ ತಟ್ಟುವಂಥದು.

ಈ ಪ್ರಕಾರದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಚರ್ಚೆಗೊಳಗಾದ ಕೃತಿ ‘ಹನಿಲ್ಯಾಂಡ್’ (2019). ಉತ್ತರ ಮ್ಯಾಸಿಡೋನಿಯಾದ ತಮಾರಾ ಕೊತೆವ್‌ಸ್ಕಾ ಮತ್ತು ಲ್ಯೂಬೊಮಿರ್ ಸ್ತೆಫಾನೊವ್ ಇದರ ನಿರ್ದೇಶಕರು. ಪರಿಸರ ಸಂರಕ್ಷಣಾ ಯೋಜನೆಯೊಂದಕ್ಕಾಗಿ ಕಿರುಚಿತ್ರ ತೆಗೆಯಲು ಹೋದವರಿಗೆ ಬೆಕಿರ್ಲಿಯಾ ಎಂಬ ಹಾಳುಬಿದ್ದ ಹಳ್ಳಿಯಲ್ಲಿ ಜೇನು ಸಾಕುವ ಹತಿಜೆ ಮುರಾತೋವಾ ಕಾಣಸಿಕ್ಕಳು. ರಸ್ತೆಯಿಲ್ಲದ, ವಿದ್ಯುತ್ತಿಲ್ಲದ ಆ ಊರಿನಲ್ಲಿ ಆಕೆ ಹಾಸಿಗೆ ಹಿಡಿದ, ದೃಷ್ಟಿ ಮಂಜಾದ ಮುದಿ ತಾಯಿಯೊಡನೆ ವಾಸಿಸುತ್ತಿದ್ದಳು. ಮೂರು ವರ್ಷಗಳ ಕಾಲ ಚಿತ್ರಣ ನಡೆಯಿತು. 400 ಗಂಟೆಗಳಿಗೂ ಮೀರಿದ ದೃಶ್ಯಸಾಮಗ್ರಿಯಿಂದ ಸುಮಾರು ಒಂದೂವರೆ ಗಂಟೆಯ ಚಿತ್ರ ಮೂಡಿತು. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದು ಮೂರು ಪ್ರಶಸ್ತಿ ಪಡೆಯಿತು. 2020ರ ಆಸ್ಕರ್‌ನಲ್ಲಿ ಸಾಕ್ಷ್ಯಚಿತ್ರ ಹಾಗೂ ಅಂತರರಾಷ್ಟ್ರೀಯ ಚಿತ್ರ ಎಂಬ ಎರಡೂ ವಿಭಾಗಗಳಿಗೆ ಏಕಕಾಲಕ್ಕೆ ನಾಮನಿರ್ದೇಶನಗೊಂಡ ಮೊದಲ ಚಿತ್ರವೆನಿಸಿತು.

ಚಿತ್ರದ ಆರಂಭದಲ್ಲಿ ಹತಿಜೆ ಕಡಿದಾದ ಬಂಡೆಯಂಚಿನಲ್ಲಿ ನಡೆದುಹೋಗಿ, ಕಲ್ಲೊಂದನ್ನು ಸರಿಸಿ, ಒಳಗಿನ ಹುಟ್ಟನ್ನು ಬರಿಗೈಯಲ್ಲಿ ಮುಟ್ಟುತ್ತಾಳೆ. ಕೈಚೀಲವಿಲ್ಲ, ಮುಖಕ್ಕೆ ಬಲೆಯಿಲ್ಲ. ನೊಣಗಳೊಡನೆ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಾಳೆ. ಜೇನುಕುರುಬರ, ಸೋಲಿಗರ ಜೇನು ಕೀಳುವ ಸಂದರ್ಭದ ಹಾಡುಗಳನ್ನು ಬಲ್ಲ ಕನ್ನಡದ ಸಂಶೋಧಕರಿಗೆ ಈ ದೃಶ್ಯ ಅಪರಿಚಿತವೆನಿಸದು. ಹಾಡು ಇಲ್ಲಿ ಕೆಲಸದ ಅಲಂಕಾರವಲ್ಲ, ಕೆಲಸದ ಒಂದು ಉಪಕರಣ. ಮುದ್ರಿತ ಸಂಗ್ರಹವೊಂದು ಈ ಸತ್ಯವನ್ನು ಪೀಠಿಕೆಯಲ್ಲಿ ವಿವರಿಸಬೇಕಾಗುತ್ತದೆ. ಚಲನಚಿತ್ರವು ಅದನ್ನು ಒಂದೇ ಚಿತ್ರಿಕೆಯಲ್ಲಿ ಸಾಧಿಸುತ್ತದೆ. ಗಮನಾರ್ಹ ಸಂಗತಿಯೆಂದರೆ, ಚಿತ್ರತಂಡಕ್ಕೆ ಹತಿಜೆ ಆಡುವ ಹಳೆಯ ತುರ್ಕಿ ಭಾಷೆ ತಿಳಿದಿರಲಿಲ್ಲ. ಮಾತಿನ ಅರ್ಥ ದೊರೆಯುವ ಮೊದಲೇ ದೃಶ್ಯಗಳನ್ನು ಆಧರಿಸಿ ಸಂಕಲನದ ಆರಂಭಿಕ ರೂಪ ಸಿದ್ಧವಾಯಿತು. ಕ್ಷೇತ್ರಕಾರ್ಯದ ದೃಷ್ಟಿಯಿಂದ ಇದೊಂದು ಕೊರತೆಯೇ ಸರಿ. ಭಾಷೆ ಬಾರದ ಸಂಶೋಧಕ ತನ್ನ ಪ್ರಬಂಧವನ್ನು ಹೀಗೆ ಸಿದ್ಧಪಡಿಸಿದ್ದರೆ ಯಾವ ಪರೀಕ್ಷಕನೂ ಒಪ್ಪುತ್ತಿರಲಿಲ್ಲ. ಆದರೆ ಆ ಕೊರತೆಯಿಂದಲೇ ಈ ಚಿತ್ರಕ್ಕೆ ಅದರ ಅತ್ಯುತ್ತಮ ಗುಣ ಒದಗಿದೆ: ಮಾತು ಗೊತ್ತಿಲ್ಲದ ಕ್ಯಾಮೆರಾ ಕೈಯನ್ನು ನೋಡಿದೆ. ಹಿನ್ನೆಲೆಯ ವಿವರಣೆಯ ದನಿ ಎಲ್ಲಿಯೂ ಇಲ್ಲ.

ಹತಿಜೆಯ ಕಸುಬಿನ ನಡುವೆ ಒಂದು ಕಟ್ಟಳೆಯಿದೆ. ತುಪ್ಪದಲ್ಲಿ ಅರ್ಧ ತನಗೆ, ಅರ್ಧ ನೊಣಗಳಿಗೆ. ಪಕ್ಕಕ್ಕೆ ಬಂದು ಬೀಡುಬಿಟ್ಟ, ಏಳು ಮಕ್ಕಳ ದೊಡ್ಡ ಸಂಸಾರದ ಹುಸೇನ್ ಆಕೆಯಿಂದಲೇ ವಿದ್ಯೆ ಕಲಿತು, ವ್ಯಾಪಾರಿಯೊಬ್ಬನ ಒತ್ತಾಯಕ್ಕೆ ಸಿಲುಕಿ, ಉಳಿಸಬೇಕಾದ ಪಾಲನ್ನೂ ಕಿತ್ತು ಮಾರುತ್ತಾನೆ. ಹಸಿದ ಅವನ ನೊಣಗಳು ಹತಿಜೆಯ ಗೂಡುಗಳ ಮೇಲೆ ಎರಗಿ ನಾಶಮಾಡುತ್ತವೆ. ಈ ಭಾಗವನ್ನು ಬಹುಪಾಲು ವಿಮರ್ಶಕರು ನೀತಿಕಥೆಯಂತೆ ಓದಿದ್ದಾರೆ. ಹಾಗೆ ಓದಲು ಚಿತ್ರವೇ ಅನುವು ಮಾಡಿಕೊಟ್ಟಿದೆ ಎಂಬುದೂ ನಿಜ. ನಿಷೇಧ, ನಿಷೇಧದ ಉಲ್ಲಂಘನೆ, ಅದರಿಂದೊದಗುವ ಹಾನಿ ಎಂದು ವ್ಲಾದಿಮಿರ್ ಪ್ರಾಪ್ 1928ರಲ್ಲಿ ಗುರುತಿಸಿದ ಕಥನಘಟಕಗಳು ಇಲ್ಲಿ ಒಂದರ ಹಿಂದೊಂದು ಸಾಲುಗಟ್ಟಿ ನಿಂತಿವೆ. ನಾಲ್ಕುನೂರು ಗಂಟೆಗಳ ಬದುಕನ್ನು ಒಂದೂವರೆ ಗಂಟೆಗೆ ಇಳಿಸುವಾಗ ಸಂಕಲನಕಾರನ ಕೈ ತಾನಾಗಿಯೇ ಜನಪದ ಕಥೆಯ ಅಚ್ಚಿನೆಡೆಗೆ ಸಾಗಿರುವುದು ಕುತೂಹಲಕರವಾದ ವಿಚಾರ. ಆದರೆ ಈ ಅಚ್ಚಿನಿಂದಾದ ನಷ್ಟವನ್ನೂ ಗಮನಿಸಬೇಕು. ಹುಸೇನನನ್ನು ದೂಡುವ ಮಾರುಕಟ್ಟೆ ಒಬ್ಬ ವ್ಯಾಪಾರಿಯ ರೂಪದಲ್ಲಿ ಆಗಾಗ ಬಂದುಹೋಗುತ್ತದೆಯೇ ಹೊರತು ಅದರ ಬಲ ಯಾವುದೆಂದು ಪ್ರೇಕ್ಷಕನಿಗೆ ಮನದಟ್ಟಾಗುವುದಿಲ್ಲ. ಬಡತನದ ಒತ್ತಡ ಒಬ್ಬ ಮನುಷ್ಯನ ದುರಾಸೆಯಾಗಿ ಕಾಣಿಸಿಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಅಂಶವಿದೆ. ಅರ್ಧ ಉಳಿಸಬೇಕೆಂಬ ಮಾತು ಹತಿಜೆಯ ವೈಯಕ್ತಿಕ ಸದ್ಗುಣವೆಂಬಂತೆ ಚಿತ್ರ ಬಿಂಬಿಸುತ್ತದೆ. ವಾಸ್ತವವಾಗಿ ಇಂಥ ಕಟ್ಟಳೆಗಳು ಒಬ್ಬರ ಮನಸ್ಸಿನಲ್ಲಿ ನಿಲ್ಲುವಂಥವಲ್ಲ. ತಪ್ಪಿದವನನ್ನು ಕೇಳುವ ನೆರೆಹೊರೆ, ಹಿರಿಯರು, ಮಾತು ಮೀರಿದರೆ ಆಗುವ ಅವಮಾನದ ಅಂಜಿಕೆ ಇವೆಲ್ಲ ಇದ್ದಾಗ ಮಾತ್ರ ಕಟ್ಟಳೆ ಕಟ್ಟಳೆಯಾಗಿರುತ್ತದೆ. ಬೆಕಿರ್ಲಿಯಾದಲ್ಲಿ ಕೇಳುವವರು ಯಾರೂ ಉಳಿದಿರಲಿಲ್ಲ. ಹುಸೇನ್ ಬರುವುದಕ್ಕೆ ಬಹಳ ಮೊದಲೇ, ಊರು ಖಾಲಿಯಾದಾಗಲೇ, ಆ ಕಸುಬಿನ ಅರ್ಧಭಾಗ ಮುಗಿದಿತ್ತು. ಊರು ಏಕೆ ಖಾಲಿಯಾಯಿತು ಎಂಬ ಪ್ರಶ್ನೆಯನ್ನು ‘ಹನಿಲ್ಯಾಂಡ್’ ಕೇಳುವುದಿಲ್ಲ. ಹತಿಜೆ ಏಕೆ ಒಂಟಿಯಾಗಿ ಉಳಿದಳೆಂಬುದನ್ನೂ ಅರ್ಧವಷ್ಟೇ ಹೇಳುತ್ತದೆ. ತನ್ನನ್ನು ಕೇಳಿಕೊಂಡು ಸಂಬಂಧಗಳು ಬಂದಿದ್ದವೇ ಎಂದು ಆಕೆ ತಾಯಿಯನ್ನು ವಿಚಾರಿಸುವ, ಎಣ್ಣೆದೀಪದ ಬೆಳಕಿನ ದೃಶ್ಯ ಹೃದಯಸ್ಪರ್ಶಿಯಾಗಿದೆ. ಕಿರಿಯ ಮಗಳು ಹೆತ್ತವರನ್ನು ನೋಡಿಕೊಂಡು ಮನೆಯಲ್ಲೇ ಉಳಿಯಬೇಕೆಂಬ ಸಮುದಾಯದ ರೂಢಿಯನ್ನು ನಿರ್ದೇಶಕರು ಸಂದರ್ಶನಗಳಲ್ಲಿ ಪ್ರಸ್ತಾಪಿಸಿದ್ದಾರೆ. ಚಿತ್ರದಲ್ಲಿ ಅದು ಸ್ಪಷ್ಟವಾಗಿ ಬರುವುದಿಲ್ಲ. ಆ ರೂಢಿಯನ್ನು ಕೈಬಿಟ್ಟಾಗ ಒಂಟಿತನವು ಸಾಮಾಜಿಕ ಕಟ್ಟುಪಾಡಿನ ಫಲವಾಗಿ ಉಳಿಯದೆ ವಿಧಿಯಾಗಿಬಿಡುತ್ತದೆ. ಇಷ್ಟಾದರೂ ಸ್ಕೋಪ್ಯೆ ನಗರದ ಮಾರುಕಟ್ಟೆಯ ದೃಶ್ಯಗಳಿಗೆ ಕೃತಜ್ಞರಾಗಿರಬೇಕು. ಅಲ್ಲಿ ಹತಿಜೆ ಚೌಕಾಸಿ ಮಾಡುತ್ತಾಳೆ, ನಗುತ್ತಾಳೆ, ತಲೆಗೂದಲಿಗೆ ಬಣ್ಣ ಕೊಳ್ಳುತ್ತಾಳೆ. ಪ್ರಕೃತಿಯ ಮಗಳೆಂಬ ಬಿರುದಿನೊಳಗೆ ಹಿಡಿಯದ ಒಬ್ಬ ಕಸುಬುದಾರ್ತಿ ಅಲ್ಲಿ ಕಾಣುತ್ತಾಳೆ.

ಒಬ್ಬಳ ವ್ಯಕ್ತಿಚಿತ್ರವೆಂಬ ಚೌಕಟ್ಟಿಗೆ ಎಂದೂ ಒಗ್ಗದ ಕಸುಬುಗಳೂ ಇವೆ. ದಕ್ಷಿಣ ಕೊರಿಯಾದ ಜೇಜು ದ್ವೀಪದ ‘ಹೆನ್ಯೊ’ ಎಂಬ ಮುಳುಗುಗಾರ್ತಿಯರು ಉಸಿರಾಟದ ಸಾಧನವಿಲ್ಲದೆ ಕಡಲಾಳಕ್ಕೆ ಇಳಿದು ಚಿಪ್ಪುಜೀವಿಗಳನ್ನೂ ಕಡಲಪಾಚಿಯನ್ನೂ ತರುವವರು. 1960ರ ದಶಕದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದ ಇವರ ಸಂಖ್ಯೆ 2023ರ ವೇಳೆಗೆ ಮೂರು ಸಾವಿರಕ್ಕಿಂತ ಕೆಳಗಿಳಿದಿತ್ತು. ಉಳಿದವರಲ್ಲಿ ಬಹುಪಾಲು ಅರವತ್ತು ದಾಟಿದವರು. 2016ರಲ್ಲಿ ಯುನೆಸ್ಕೊ ಇವರ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಕಸುಬಿನ ರಚನೆಯೇ ಸಾಮೂಹಿಕವಾದದ್ದು. ಕುಶಲತೆಗೆ ತಕ್ಕಂತೆ ಮೇಲಿನ, ನಡುವಿನ, ಕೆಳಗಿನ ಎಂಬ ಮೂರು ದರ್ಜೆಗಳಿವೆ. ಕಡಲಿಗಿಳಿಯುವ ಮುನ್ನ ಮತ್ತು ಮೇಲೆ ಬಂದ ಮೇಲೆ ‘ಬುಲ್ತೊಕ್’ ಎಂಬ ಕಲ್ಲಿನ ಬಯಲುಗೋಡೆಯ ನಡುವೆ ಬೆಂಕಿಯ ಸುತ್ತ ಕೂರುತ್ತಾರೆ. ಅಲ್ಲಿ ಕೂರುವ ಜಾಗವೂ ದರ್ಜೆಗನುಗುಣವಾದದ್ದು, ತೀರ್ಮಾನಗಳಾಗುವುದೂ ಅಲ್ಲಿಯೇ. ಆಳಕ್ಕೆ ಹೋಗಲಾರದ ಮುದುಕಿಯರಿಗಾಗಿ ದಡದ ಹತ್ತಿರದ ಆಳವಿಲ್ಲದ ನೀರನ್ನು ‘ಅಜ್ಜಿಯರ ಕಡಲು’ ಎಂದು ಮೀಸಲಿಡುವ ಪದ್ಧತಿಯೂ ಇದೆ.

ಜೇಜು ದ್ವೀಪದವಳೇ ಆದ ಕೊ ಹೀ-ಯಂಗ್ ಅನೇಕ ವರ್ಷಗಳ ಕಾಲ ಉದೊ ಎಂಬ ಪುಟ್ಟ ದ್ವೀಪದ ಮುಳುಗುಗಾರ್ತಿಯರ ಜೊತೆಗಿದ್ದು ತೆಗೆದ ‘ಬ್ರೀದಿಂಗ್ ಅಂಡರ್‌ವಾಟರ್’ (2016) ಈ ಸಾಮೂಹಿಕತೆಯನ್ನು ಚೆನ್ನಾಗಿ ಹಿಡಿದಿದೆ. ಅದರ ಕೊರಿಯನ್ ಶೀರ್ಷಿಕೆಯಾದ ‘ಮುಲ್‌ಸುಂ’ ಎಂಬುದು ಆ ಹೆಂಗಸರದೇ ಮಾತು. ನೀರೊಳಗೆ ಎಳೆದುಕೊಳ್ಳುವ ಉಸಿರು, ಅಂದರೆ ಸಾವು ಎಂದು ಅರ್ಥ. ಇನ್ನೊಂದು ಚಿಪ್ಪು ಕಣ್ಣಿಗೆ ಬಿತ್ತೆಂದು ಉಸಿರಿನ ಮಿತಿ ಮರೆತವಳಿಗೆ ಬರುವ ಸಾವದು. ಹತಿಜೆಯ ಅರ್ಧದ ಕಟ್ಟಳೆಯ ಪಕ್ಕದಲ್ಲಿ ಈ ಮಾತನ್ನು ಇಟ್ಟು ನೋಡಬೇಕು. ಎರಡರಲ್ಲಿಯೂ ಮಿತಿಯ ಅರಿವೇ ಕಸುಬಿನ ತಿರುಳು. ಆದರೆ ಇಲ್ಲಿ ಮಿತಿಯನ್ನು ನೆನಪಿಸಲು ಜೊತೆಗಾತಿಯರಿದ್ದಾರೆ. ಮೇಲೆ ಬಂದವಳು ಬಿಡುವ ಸಿಳ್ಳೆಯಂಥ ಉಸಿರು, ‘ಸುಂಬಿಸೊರಿ’, ಪಕ್ಕದವಳಿಗೆ ‘ಬದುಕಿದ್ದೇನೆ’ ಎಂಬ ಸೂಚನೆಯೂ ಹೌದು. ಊರಿನವಳೇ ಕ್ಯಾಮೆರಾ ಹಿಡಿದಾಗ ಕಸುಬಿನ ಶಬ್ದಕೋಶವೇ ಚಿತ್ರದ ಚೌಕಟ್ಟಾಗುವುದಕ್ಕೆ ಇದು ಒಳ್ಳೆಯ ನಿದರ್ಶನ.

ಸ್ಯೂ ಕಿಮ್ ನಿರ್ದೇಶನದ ‘ದ ಲಾಸ್ಟ್ ಆಫ್ ದ ಸೀ ವಿಮೆನ್’ (2024) ಹೆಚ್ಚಿನ ಬಂಡವಾಳದ, ವಿಶ್ವದ ಪ್ರೇಕ್ಷಕರನ್ನು ಉದ್ದೇಶಿಸಿದ ಚಿತ್ರ. ಇದರ ಶೀರ್ಷಿಕೆಗೂ ಒಡಲಿಗೂ ಜಗಳವಿದೆ. ಶೀರ್ಷಿಕೆ ‘ಕೊನೆಯವರು’ ಎನ್ನುತ್ತದೆ. ಚಿತ್ರದೊಳಗೆ ಗೊಜೆ ದ್ವೀಪದ ಯುವತಿಯರು ಅದೇ ಕಸುಬು ಕಲಿತು, ತಮ್ಮ ಕೆಲಸವನ್ನು ತಾವೇ ಯೂಟ್ಯೂಬ್‌ನಲ್ಲಿ ತೋರಿಸುತ್ತ ಬದುಕು ಕಟ್ಟಿಕೊಂಡಿದ್ದಾರೆ. ಫುಕುಶಿಮಾ ಅಣುಸ್ಥಾವರದ ನೀರನ್ನು 2023ರಲ್ಲಿ ಕಡಲಿಗೆ ಬಿಡಲಾರಂಭಿಸಿದಾಗ ಜೇಜುವಿನ ಮುದುಕಿಯರು ಬೀದಿಗಿಳಿದು ಪ್ರತಿಭಟಿಸುತ್ತಾರೆ. ಒಬ್ಬಾಕೆ ಜಿನೀವಾದಲ್ಲಿ ವಿಶ್ವಸಂಸ್ಥೆಯ ವೇದಿಕೆಯಲ್ಲಿ ಮಾತನಾಡುತ್ತಾಳೆ. ಇಂಥವರನ್ನು ಅಳಿದುಹೋಗುತ್ತಿರುವ ಕುಲದ ಅವಶೇಷವೆಂದು ಕರೆಯುವುದು ಎಷ್ಟು ಸಮಂಜಸ? ಆದರೂ ಆ ಶೀರ್ಷಿಕೆ ಬೇಕಾಯಿತು. ‘ಕೊನೆ’ ಎಂಬ ಪದಕ್ಕೆ ಇರುವ ಮಾರುಕಟ್ಟೆ ‘ಬದಲಾವಣೆ’ ಎಂಬ ಪದಕ್ಕಿಲ್ಲ.

ಇನ್ನು ಈ ಪ್ರಕಾರದ ಇತಿಹಾಸದಲ್ಲಿ ಬಹುಮುಖ್ಯವೂ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗದುದೂ ಆದ ಚಿತ್ರವೊಂದನ್ನು ಪರಿಶೀಲಿಸಬಹುದು. ಅಮೆರಿಕದ ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆಗಾಗಿ ಜಾರ್ಜ್ ಸ್ಟೋನಿ 1953ರಲ್ಲಿ ತೆಗೆದ ‘ಆಲ್ ಮೈ ಬೇಬೀಸ್’ ಚಿತ್ರದ ನಾಯಕಿ ಮೇರಿ ಕೋಲಿ, ಆಲ್ಬನಿ ಪಟ್ಟಣದ ಕರಿಯ ಸೂಲಗಿತ್ತಿ. ಮೂರು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವಳು. ಚಿತ್ರದ ಉದ್ದೇಶ ಸ್ಪಷ್ಟ: ಅದು ಸೂಲಗಿತ್ತಿಯರ ತರಬೇತಿಗೆ ಬೇಕಾದ ಪಾಠಚಿತ್ರ. ಕೈ ತೊಳೆಯುವುದು, ಚೀಲ ಜೋಡಿಸುವುದು, ಹಳೆಯ ಪತ್ರಿಕೆಗಳಿಂದ ಶುದ್ಧವಾದ ಹಾಸು ಸಿದ್ಧಪಡಿಸುವುದು ಎಲ್ಲವೂ ಇಲಾಖೆಯ ಪಾಠಪಟ್ಟಿಗೆ ಅನುಗುಣವಾಗಿವೆ. ಸನ್ನಿವೇಶಗಳು ಮೊದಲೇ ಬರೆದವು. ನಟಿಸಿದವರು ನಿಜವಾದ ಜನ. ತೆರೆಯ ಮೇಲಿನ ಹೆರಿಗೆಯೂ ನಿಜವಾದದ್ದು. ವರ್ಣಭೇದ ಶಾಸನಬದ್ಧವಾಗಿದ್ದ ನಾಡಿನಲ್ಲಿ ಕರಿಯ ಹೆಣ್ಣೊಬ್ಬಳನ್ನು ಜ್ಞಾನದ ಒಡತಿಯಾಗಿ, ಘನತೆಯಿಂದ ತೋರಿಸಿದ ಆ ಚಿತ್ರ 2002ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ಇಲ್ಲಿಯ ವೈರುಧ್ಯವು ಅಷ್ಟು ಸುಲಭವಾಗಿ ಬಗೆಹರಿಯುವಂಥದಲ್ಲ. ಕೋಲಿಯ ಕೈಯನ್ನು ಇಷ್ಟು ಪ್ರೀತಿಯಿಂದ ದಾಖಲಿಸಿದ ಆರೋಗ್ಯ ವ್ಯವಸ್ಥೆಯೇ ಪರವಾನಗಿ, ತಪಾಸಣೆ, ತರಗತಿಗಳ ಮೂಲಕ ಆ ಕೈಗಳನ್ನು ಹತೋಟಿಗೆ ತಂದಿತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮುಂದಿನ ಎರಡು ಮೂರು ದಶಕಗಳಲ್ಲಿ ಈ ಸೂಲಗಿತ್ತಿಯರ ಕಸುಬು ಬಹುಮಟ್ಟಿಗೆ ಕೊನೆಗೊಂಡಿತು. ಹಾಗೆಂದು ಇಲಾಖೆಯನ್ನು ಖಳನಾಯಕನ ಜಾಗದಲ್ಲಿ ನಿಲ್ಲಿಸಲೂ ಆಗದು. ಚಿತ್ರದ ಆರಂಭದಲ್ಲಿಯೇ, ಸೂಲಗಿತ್ತಿಯರ ಸಭೆಯಲ್ಲಿ, ಅಜಾಗರೂಕತೆಯಿಂದ ಸತ್ತ ಮಗುವೊಂದರ ಪ್ರಸ್ತಾಪವಿದೆ. ಮೇರಿ ಕೋಲಿ ಆ ಮಾತನ್ನು ತಲೆತಗ್ಗಿಸಿ ಕೇಳುವವಳಲ್ಲ. ತನ್ನ ವಿದ್ಯೆಗೆ ಹೊಸದನ್ನು ಸೇರಿಸಿಕೊಳ್ಳುವವಳು. ಈ ಚಿತ್ರ ಆಕೆಯನ್ನು ‘ಕೊನೆಯವಳು’ ಎಂದು ನೋಡುವುದೇ ಇಲ್ಲ. ನಾಳೆಯೂ ಹೆರಿಗೆ ಮಾಡಿಸಬೇಕಾದವಳೆಂದು ನೋಡುತ್ತದೆ. ಆದುದರಿಂದಲೇ ಇಂದಿನ ಎಷ್ಟೋ ಶೋಕಗೀತೆಯಂಥ ಚಿತ್ರಗಳಿಗಿಂತ ಇಲಾಖೆಯ ಈ ಪಾಠಚಿತ್ರದಲ್ಲಿ ಕಸುಬಿನ ವಿವರಗಳು ಹೆಚ್ಚು ಸಮೃದ್ಧವಾಗಿವೆ. ಕಲಿಸಬೇಕೆಂದು ತೆಗೆದ ಚಿತ್ರವು ಏನನ್ನೂ ಮಸುಕಾಗಿ ತೋರಿಸಲಾರದು.

ಈ ಹಿನ್ನೆಲೆಯಲ್ಲಿ ಕರ್ನಾಟಕದ ಸೂಲಗಿತ್ತಿಯರತ್ತ ತಿರುಗಿದಾಗ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆಯಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರನ್ನು ಕುರಿತ ಬರಹಗಳು, ವರದಿಗಳು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳೆಂಬ ಸಂಖ್ಯೆಯಿಂದ ಆರಂಭವಾಗಿ ಬಹುತೇಕ ಅಲ್ಲಿಯೇ ನಿಲ್ಲುತ್ತವೆ. ಸಂಖ್ಯೆಗೆ ಬೆರಗಾಗುವುದು ಸಹಜ. ಆದರೆ ಹೊಟ್ಟೆಯ ಮೇಲೆ ಕೈಯಾಡಿಸಿ ಕೂಸಿನ ತಲೆ ಎತ್ತ ಇದೆಯೆಂದು ತಿಳಿಯುವ ಬೆರಳ ತುದಿಯ ವಿದ್ಯೆ ಸಂಖ್ಯೆಯಲ್ಲಿ ಸಿಕ್ಕುವುದಿಲ್ಲ. ಅವರು ಈ ವಿದ್ಯೆಯನ್ನು ಅಜ್ಜಿಯಿಂದ ಕಲಿತವರು ಎಂಬ ಒಂದು ವಾಕ್ಯದೊಳಗೆ ಎಷ್ಟೋ ವರ್ಷಗಳ ನೋಡುವಿಕೆ, ಜೊತೆಗೆ ಹೋಗುವಿಕೆ, ಬೈಗುಳ, ತಪ್ಪು ಎಲ್ಲವೂ ಅಡಗಿರಬೇಕು. ಅವು ದಾಖಲೆಯ ಪ್ರಶ್ನೆಗಳಾಗುವುದು ಅಪರೂಪ.

ಸೂಲಗಿತ್ತಿಯ ಕಸುಬು ಕೇವಲ ವೈದ್ಯಕೀಯ ಕುಶಲತೆಯಲ್ಲ. ಅದು ಊರಿನ ಮನೆಗಳ ನಡುವಿನ ಕೊಡುಕೊಳ್ಳುವಿಕೆಯ ಒಂದು ಎಳೆ. ಮೊರದ ತುಂಬ ಅಕ್ಕಿ, ಎಲೆ ಅಡಿಕೆ, ಸೀರೆ, ಬಾಣಂತಿಗೆ ಎಣ್ಣೆನೀರು ಎರೆಯುವ ದಿನಗಳ ಊಟ ಇವು ಕೂಲಿಯೂ ಹೌದು, ಮರ್ಯಾದೆಯೂ ಹೌದು. ಮಗ್ಗುಲಲ್ಲೇ ಮೈಲಿಗೆಯ ಪ್ರಶ್ನೆಯಿದೆ. ಹೆರಿಗೆಯ ಕೋಣೆಯೊಳಗೆ ಜೀವ ಉಳಿಸುವವಳಾಗಿ ಬರಮಾಡಿಕೊಂಡವಳನ್ನು ಸೂತಕ ಕಳೆದ ಮೇಲೆ ಅದೇ ಮನೆಯ ಹೊಸ್ತಿಲಾಚೆ ಕೂರಿಸಿದ ಪ್ರಸಂಗಗಳು ಜಾತಿಶ್ರೇಣಿಯ ಸಮಾಜದಲ್ಲಿ ವಿರಳವಲ್ಲ. ‘ತಾಯಿ’ ಎಂಬ ಗೌರವದ ಬೆಳಕಿನಲ್ಲಿ ಮಾತ್ರ ಆಕೆಯನ್ನು ಚಿತ್ರಿಸಿದರೆ ಈ ಹೊಸ್ತಿಲು ಕ್ಯಾಮೆರಾದ ಚೌಕಟ್ಟಿನಿಂದ ಹೊರಗುಳಿಯುತ್ತದೆ.

ಹಾಗೆಯೇ ಅಳಿವನ್ನು ಕುರಿತ ದುಃಖಕ್ಕೂ ಒಂದು ಲೆಕ್ಕ ಬೇಕು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಜಾರಿಗೆ ಬಂದಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಭಾರತದಲ್ಲಿ ಆಸ್ಪತ್ರೆಯ ಹೆರಿಗೆಗಳ ಪ್ರಮಾಣ 2005–06ರಲ್ಲಿ ಶೇ. 38.7 ಇದ್ದದ್ದು 2019–21ರ ವೇಳೆಗೆ ಶೇ. 88.6ಕ್ಕೇರಿತು, ಕರ್ನಾಟಕದಲ್ಲಿ ಅದು ಶೇ. 97. ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು ಕರ್ನಾಟಕದಲ್ಲಿ 2004–06ರ ಅವಧಿಯಲ್ಲಿ 213 ಇದ್ದದ್ದು 2018–20ಕ್ಕೆ 69ಕ್ಕಿಳಿಯಿತು. ಈ ಇಳಿಕೆಗೆ ಕಾರಣಗಳು ಹಲವು; ಆದರೆ ಸೂಲಗಿತ್ತಿಯ ಕಣ್ಮರೆಯನ್ನು ಹಾಡಿ ಹೊಗಳುವ ಯಾವ ಚಿತ್ರವೂ ಈ ಅಂಕಿಗಳಿಂದ ಮುಖ ತಿರುಗಿಸುವಂತಿಲ್ಲ. ಬದುಕುಳಿದ ತಾಯಂದಿರು ಜಾನಪದದ ನಷ್ಟವಲ್ಲ. ಇನ್ನೊಂದು ಕಡೆ, 2018ರಲ್ಲಿ ಕೇಂದ್ರ ಸರ್ಕಾರ ಪ್ರಸೂತಿ ಸೇವೆಗಳ ಮಾರ್ಗಸೂಚಿಯನ್ನು ಹೊರಡಿಸಿ, ದಾದಿಯರಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು ಹೊಸ ಸೂಲಗಿತ್ತಿಯರ ಹುದ್ದೆಯೊಂದನ್ನು ರೂಪಿಸಿತು. ಹೆರುವವಳ ಪಕ್ಕದಲ್ಲಿ ಕೂತು, ಕಾದು, ಧೈರ್ಯ ಹೇಳುವ ಹೆಣ್ಣಿನ ಅಗತ್ಯ ಆಸ್ಪತ್ರೆಗೂ ಮನವರಿಕೆಯಾಗಿದೆ ಎಂದಾಯಿತು. ಆ ಹುದ್ದೆಯ ಅರ್ಹತೆಯಲ್ಲಿ ಅಕ್ಷರ ಕಲಿಯದ, ವಿದ್ಯೆ ಕಲಿತ ಸೂಲಗಿತ್ತಿಗೆ ಸ್ಥಾನವಿಲ್ಲ. ಪದ್ಮಶ್ರೀ ಕೊಟ್ಟ ವರ್ಷದಲ್ಲಿಯೇ ಇದೂ ನಡೆಯಿತು.

ಚಿತ್ರಕ್ಕೆ ಒಳಗಾದವಳಿಗೆ ಏನು ಸಂದಿತು ಎಂಬ ಪ್ರಶ್ನೆಯನ್ನು ವಿಮರ್ಶೆಯ ಹೊರಗಿನದೆಂದು ತಿಳಿಯುವ ರೂಢಿಯಿದೆ. ಜಾನಪದ ವಿದ್ವಾಂಸರು ಹಾಗೆ ತಿಳಿಯಬಾರದು, ಏಕೆಂದರೆ ವಕ್ತೃವಿನ ಮನೆಯಲ್ಲಿ ಕಾಫಿ ಕುಡಿದು ಧ್ವನಿಮುದ್ರಣ ಹೊತ್ತು ಬಂದು ಮತ್ತೆ ಅತ್ತ ಸುಳಿಯದ ಇತಿಹಾಸ ಈ ಶಿಸ್ತಿಗೂ ಇದೆ. ‘ಹನಿಲ್ಯಾಂಡ್’ ತಂಡ ಪ್ರಶಸ್ತಿಯ ಹಣದಿಂದ ಹತಿಜೆಗೆ ಹತ್ತಿರದ ಊರಿನಲ್ಲಿ ಮನೆ ಕೊಂಡುಕೊಟ್ಟಿತು. ಅದು ಋಣ ತೀರಿಸಿದ ರೀತಿ. ಟೀಕಿಸಲು ಏನೂ ಇಲ್ಲ. ಆದರೆ ಕಸುಬಿನ ದಾಖಲೆಯ ದೃಷ್ಟಿಯಿಂದ ಇನ್ನೊಂದು ಋಣ ಬಾಕಿಯಿದೆ. ಒಂದೂವರೆ ಗಂಟೆಯ ಚಿತ್ರಕ್ಕೆ ಬೇಡವಾದ ಉಳಿದ ನೂರಾರು ಗಂಟೆಗಳಲ್ಲಿ ಆಕೆ ಅದೇ ಕಲ್ಲನ್ನು ಎಷ್ಟು ಬಾರಿ ಸರಿಸಿದ್ದಾಳೆ, ಯಾವ ತಿಂಗಳಲ್ಲಿ ಯಾವ ಗೂಡನ್ನು ಮುಟ್ಟದೆ ಬಿಟ್ಟಿದ್ದಾಳೆ, ಕೈ ತಪ್ಪಿದಾಗ ಏನು ಮಾಡಿದ್ದಾಳೆ ಎಂಬುದೆಲ್ಲ ಇರಬೇಕು. ಕಥೆಗೆ ಅದು ಪುನರಾವರ್ತನೆ. ಕಲಿಯಬಯಸುವ ಹುಡುಗಿಗೆ ಅದೇ ಪಾಠ.

ಕರ್ನಾಟಕದ ಹಳ್ಳಿಗಳಲ್ಲಿ ಸೂಲಗಿತ್ತಿಯರು ಇನ್ನೂ ಬಾಣಂತಿ, ಕೂಸುಗಳಿಗೆ ಎಣ್ಣೆ ತೀಡಿ ನೀರೆರೆಯುತ್ತಿದ್ದಾರೆ. ಹೆರಿಗೆ ಆಸ್ಪತ್ರೆಗೆ ಹೋಯಿತು, ಎರೆಯುವ ಕೆಲಸ ಬಚ್ಚಲಲ್ಲಿ ಉಳಿಯಿತು. ಕಸುಬಿನ ಈ ಉಳಿದ ತುಂಡನ್ನು ‘ಕೊನೆಯ ಸೂಲಗಿತ್ತಿ’ಯನ್ನು ಹುಡುಕುತ್ತ ಹೊರಟ ಕ್ಯಾಮೆರಾ ಗುರುತಿಸಲಾರದು. ಕಾಲು ಚಾಚಿ ಕುಳಿತ ಮುದುಕಿಯ ಮೊಣಕಾಲುಗಳ ನಡುವೆ ಕೂಸು, ಪಕ್ಕದಲ್ಲಿ ಬಿಸಿನೀರಿನ ಹಂಡೆ, ನೀರು ಮೊಗೆದು ಕೊಡುತ್ತ ನಿಂತ ಸೊಸೆ. ಈ ಮೂವರೂ ಒಂದೇ ಚಿತ್ರಿಕೆಯಲ್ಲಿ ಇರಬೇಕಾದವರು. ನೀರು ಮೊಗೆಯುವವಳು ಚೌಕಟ್ಟಿನ ಹೊರಗಾದರೆ, ಕಲಿಯುತ್ತಿದ್ದವಳು ಯಾರೆಂಬುದು ಮುಂದೆ ನೋಡುವವರಿಗೆ ತಿಳಿಯುವುದಿಲ್ಲ.